ತಲೆಮುಸುಕಿನ ನೆರಳಲ್ಲಿ ಒಂದು ಮುಖ

ನನ್ನ ಪ್ರಾರ್ಥನಾ ಪುಸ್ತಕದಲ್ಲಿ ಪುಟದ ಗುರುತಿಗೆಂದು ಇಟ್ಟುಕೊಂಡ ಒಂದು ಚಿತ್ರವಿದೆ. ಗುರುಮಠದಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಯುರೋಪಿಗೆ ಹೋಗಿದ್ದಾಗ ಕಳುಹಿಸಿದ ಅಂಚೆಕಾರ್ಡು ಅದು. ಕಂದು ಬಣ್ಣದ ನಿಲುವಂಗಿ ತೊಟ್ಟು, ಅದರ ಮುಸುಕನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ತಗ್ಗಿಸಿದ ಒಬ್ಬ ಯುವಕ. ಸುತ್ತಲೂ ಕತ್ತಲೆ. ಮುಖದ ಮೇಲೆ ಮಾತ್ರ ಬೆಳಕು.

ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ತಂದೆಯೊಬ್ಬರು ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಗುರುಮನೆಗೆ ಬಂದಿದ್ದರು. ನಾನು ದಫ್ತರದಲ್ಲಿ ಹೆಸರು ಹುಡುಕುತ್ತಿದ್ದಾಗ ಅವರು ಮೇಜಿನ ಮೇಲಿದ್ದ ಆ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಫಾದರ್, ಈ ಹುಡುಗನಿಗೆ ಏನಾಗಿದೆ? ಯಾಕೆ ಇಷ್ಟು ಕತ್ತಲಲ್ಲಿ ಇದ್ದಾನೆ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ತಾವೇ ಮುಂದುವರಿಸಿದರು: "ನಮ್ಮನೇಲೂ ಒಬ್ಬ ಹೀಗೇ ಕೂರ್ತಾನೆ. ಸಂಜೆ ಆದ್ರೆ ಜಗಲೀಲಿ ಕೂರ್ತಾನೆ, ಲೈಟ್ ಹಾಕಲ್ಲ. ನಾನು ಹೋಗಿ ಲೈಟ್ ಹಾಕಿ ಬೈತೀನಿ. ಎದ್ದು ಒಳಗೆ ಹೋಗಿಬಿಡ್ತಾನೆ. ಏನ್ಮಾಡ್ಲಿ ಫಾದರ್?"

ಅವರ ಪತ್ನಿ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಮಗನಿಗೆ ಹತ್ತೊಂಬತ್ತು. ಅವರ ಮಾತು ಕೇಳಿದಾಗ ನನಗೆ ನಾಚಿಕೆಯಾಯಿತು. ತಿಂಗಳ ಪೂಜೆಯ ದಿನ ಆ ಹುಡುಗನ ಬೆನ್ನು ತಟ್ಟಿ, "ಅಮ್ಮ ಸ್ವರ್ಗದಲ್ಲಿದ್ದಾರೆ, ನಗುನಗುತ್ತಾ ಇರಬೇಕು, ಯುವಕರ ಕೂಟಕ್ಕೆ ಬಾ" ಎಂದು ಹೇಳಿದವನು ನಾನೇ. ಅವನು ತಲೆಯಾಡಿಸಿದ್ದ. ಅಂದಿನಿಂದ ಅವನು ಕೊನೆಯ ಬೆಂಚಿನಲ್ಲಿ ಕೂತು, ಕೊನೆಯ ಗೀತೆಗೆ ಮೊದಲೇ ಎದ್ದು ಹೋಗುತ್ತಿದ್ದ. ತಂದೆ ಹಾಕಿದ ಲೈಟೂ ನಾನು ಹೇಳಿದ ಮಾತೂ ಅವನಿಗೆ ಒಂದೇ ರೀತಿಯಾಗಿ ಕಂಡಿರಬೇಕು.

ಅಂದು ಆ ತಂದೆಗೆ ನಾನು ಹೇಳಿದ್ದನ್ನೂ, ಹೇಳಲು ತೋಚದೆ ಆಮೇಲೆ ಯೋಚಿಸಿದ್ದನ್ನೂ ಸೇರಿಸಿ ಅವರ ಒಪ್ಪಿಗೆ ಪಡೆದು ಇಲ್ಲಿ ಬರೆದಿದ್ದೇನೆ. ಮೊದಲು ಆ ಚಿತ್ರವನ್ನೇ ನೋಡೋಣ.

ಚಿತ್ರದಲ್ಲಿ ಏನಿದೆ?

ಇದು ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ 1660ರಲ್ಲಿ ರಚಿಸಿದ ತೈಲಚಿತ್ರ. ಈಗ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್‌ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡ ಚಿತ್ರವೇನಲ್ಲ, ಎತ್ತರ ಸುಮಾರು 80 ಸೆಂಟಿಮೀಟರ್, ಅಗಲ ಸುಮಾರು 68 ಸೆಂಟಿಮೀಟರ್. ಚಿತ್ರದಲ್ಲಿರುವವನು ರೆಂಬ್ರಾಂಟನ ಮಗ ಟೈಟಸ್. ಆಗ ಅವನಿಗೂ ಹತ್ತೊಂಬತ್ತರ ಆಸುಪಾಸು.

ಟೈಟಸ್ ಸನ್ಯಾಸಿಯಾಗಿರಲಿಲ್ಲ. ತಂದೆ ಅವನಿಗೆ ಸಂತ ಅಸ್ಸಿಸಿಯ ಫ್ರಾನ್ಸಿಸರ ಸಭೆಯ ನಿಲುವಂಗಿಯನ್ನು ತೊಡಿಸಿ ಕೂರಿಸಿದ್ದಾನೆ. ನಮ್ಮ ನಾಡಿನ ಧ್ಯಾನಕೂಟಗಳಲ್ಲಿ ನೀವು ಕಪುಚಿನ್ ಗುರುಗಳನ್ನು ಕಂಡಿರುತ್ತೀರಿ. ಅವರ ನಿಲುವಂಗಿಯ ಬೆನ್ನಿಗೆ ಇಳಿಬಿದ್ದಿರುವ ಮುಸುಕನ್ನು ನೆನಪಿಸಿಕೊಳ್ಳಿ. ಕಪುಚಿನ್ ಎಂಬ ಹೆಸರು ಬಂದದ್ದೇ ಆ ಮುಸುಕಿನ ಇಟಾಲಿಯನ್ ಹೆಸರಿನಿಂದ. ಟೈಟಸ್ ಅಂಥದೇ ಮುಸುಕನ್ನು ತಲೆಯ ಮೇಲೆ ಹೊದ್ದಿದ್ದಾನೆ.

ಚಿತ್ರದಲ್ಲಿ ಕಿಟಕಿಯಿಲ್ಲ, ಮೇಣದ ಬತ್ತಿಯಿಲ್ಲ. ಬೆಳಕು ಎಲ್ಲಿಂದ ಬಂತೆಂದು ಚಿತ್ರಕಾರ ತೋರಿಸುವುದಿಲ್ಲ. ಅದು ಮುಖದ ಮೇಲೆ ಇಳಿದು, ನಿಲುವಂಗಿಯ ಮಡಿಕೆಗಳನ್ನು ಅಷ್ಟಿಷ್ಟು ಮುಟ್ಟಿ, ಕತ್ತಲಿನಲ್ಲಿ ಕರಗುತ್ತದೆ. ಯುವಕ ಬೆಳಕಿನ ಕಡೆ ನೋಡುತ್ತಿಲ್ಲ, ನಮ್ಮ ಕಡೆಯೂ ನೋಡುತ್ತಿಲ್ಲ. ಅವನ ಕಣ್ಣು ಕೆಳಗಿದೆ. ಅಳುತ್ತಿಲ್ಲ, ನಗುತ್ತಲೂ ಇಲ್ಲ. ತನ್ನೊಳಗಿನ ಯಾವುದೋ ಮಾತಿಗೆ ಕಿವಿಗೊಟ್ಟವನಂತೆ ಇದ್ದಾನೆ.

ಆ ಮನೆಯ ಕಥೆ

ರೆಂಬ್ರಾಂಟ್ ಹುಟ್ಟಿದ್ದು 1606ರಲ್ಲಿ. ಯೌವನದಲ್ಲೇ ಹೆಸರು, ಹಣ ಎರಡೂ ಬಂದವು. 1639ರಲ್ಲಿ 13,000 ಗಿಲ್ಡರ್ ಬೆಲೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ದೊಡ್ಡ ಮನೆ ಕೊಂಡ. ಆದರೆ ಆ ಸಂಸಾರದಲ್ಲಿ ತೊಟ್ಟಿಲು ತೂಗಿದಷ್ಟೇ ಬೇಗ ನಿಲ್ಲುತ್ತಿತ್ತು. ಪತ್ನಿ ಸಾಸ್ಕಿಯಾಳ ಮೊದಲ ಮೂರು ಮಕ್ಕಳೂ ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು. ನಾಲ್ಕನೆಯವನು ಟೈಟಸ್, 1641ರಲ್ಲಿ ಹುಟ್ಟಿ ಬದುಕಿ ಉಳಿದ. ಮರುವರ್ಷ, ಮಗುವಿಗೆ ವರ್ಷ ತುಂಬುವ ಮೊದಲೇ, ತಾಯಿ ಸಾಸ್ಕಿಯಾ ತೀರಿಕೊಂಡಳು. ಟೈಟಸ್ ತಾಯಿಯ ಮುಖದ ನೆನಪಿಲ್ಲದೆ ಬೆಳೆದ ಹುಡುಗ.

ಮುಂದೆ ಸಾಲ ಏರಿತು. 1656ರಲ್ಲಿ ರೆಂಬ್ರಾಂಟ್ ಸಾಲ ತೀರಿಸಲಾರೆನೆಂದು ಅಧಿಕಾರಿಗಳ ಮುಂದೆ ಒಪ್ಪಿಕೊಳ್ಳಬೇಕಾಯಿತು. ಮನೆಯಲ್ಲಿದ್ದ ಚಿತ್ರ, ಪಾತ್ರೆ, ಬಟ್ಟೆಗಳನ್ನೆಲ್ಲ ಪಟ್ಟಿ ಮಾಡಲಾಯಿತು. ಅದರಲ್ಲಿ 363 ನಮೂದುಗಳಿದ್ದವು. ಎಲ್ಲವೂ ಹರಾಜಾಯಿತು. 1658ರಲ್ಲಿ ಮನೆಯೂ ಹೋಯಿತು. ಸಂಸಾರ ಊರಿನ ಇನ್ನೊಂದು ಭಾಗದಲ್ಲಿ ಬಾಡಿಗೆ ಮನೆ ಸೇರಿತು.

ಸಾಲಗಾರರ ಕೈಯಿಂದ ತಂದೆಯ ದುಡಿಮೆಯನ್ನು ಉಳಿಸಲು 1660ರ ಡಿಸೆಂಬರಿನಲ್ಲಿ ಒಂದು ಕರಾರು ಮಾಡಿಕೊಳ್ಳಲಾಯಿತು. ಮಗ ಟೈಟಸ್ ಮತ್ತು ಮನೆಯಲ್ಲಿದ್ದ ಹೆಂಡ್ರಿಕಿಯಾ ಎಂಬಾಕೆ ಸೇರಿ ಚಿತ್ರಗಳ ವ್ಯಾಪಾರ ನಡೆಸುವುದು. ರೆಂಬ್ರಾಂಟ್ ಅವರ ಆಶ್ರಯದಲ್ಲಿ ಅವರಿಗಾಗಿ ದುಡಿಯುವುದು. ಸಾಸ್ಕಿಯಾಳ ಮರಣಾನಂತರ ರೆಂಬ್ರಾಂಟನ ಬಾಳಿಗೆ ಬಂದವಳು ಹೆಂಡ್ರಿಕಿಯಾ. ಅವರು ಮದುವೆಯಾಗಿರಲಿಲ್ಲ. ಅದಕ್ಕಾಗಿ 1654ರಲ್ಲಿ ಅವರ ಪ್ರೊಟೆಸ್ಟಂಟ್ ಸಭೆ ಆಕೆಯನ್ನು ಕರೆಸಿ, ಪ್ರಭುವಿನ ಭೋಜನದಲ್ಲಿ ಪಾಲುಗೊಳ್ಳದಂತೆ ತಡೆಯಿತು. ಇದು ಆದರ್ಶ ಕುಟುಂಬವಾಗಿರಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿರುವ ಎಷ್ಟೋ ಮನೆಗಳಂತೆ ಸಾವು, ಸಾಲ, ತಪ್ಪು, ಪ್ರೀತಿ ಎಲ್ಲವೂ ಒಂದೇ ಸೂರಿನಡಿ ಸೇರಿಕೊಂಡಿದ್ದ ಮನೆ.

ಹತ್ತೊಂಬತ್ತರ ಮಗ ತಂದೆಯ ಯಜಮಾನನಾದ ಅದೇ ವರ್ಷ ಈ ಚಿತ್ರವೂ ಮೂಡಿತು. ಎಲ್ಲ ಕಳೆದುಕೊಂಡ ತಂದೆ ತನ್ನ ಮಗನಿಗೆ ಬಡತನವನ್ನು ಪ್ರೀತಿಸಿದ ಸಂತರ ಉಡುಪು ತೊಡಿಸಿದ.

ಆ ಊರಿನಲ್ಲಿ ಇದು ಸಾಮಾನ್ಯ ದೃಶ್ಯವೇನಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆಗ ಕಥೋಲಿಕರು ಬಹಿರಂಗವಾಗಿ ಪೂಜೆ ನಡೆಸುವಂತಿರಲಿಲ್ಲ. ಮನೆಗಳೊಳಗೆ, ಅಟ್ಟಗಳ ಮೇಲೆ ಸೇರುತ್ತಿದ್ದರು. 1663ರಲ್ಲಿ ಒಂದು ವ್ಯಾಪಾರಿಯ ಮನೆಯ ಅಟ್ಟದಲ್ಲಿ ಸಿದ್ಧಗೊಂಡ ಅಂಥದೊಂದು ದೇವಾಲಯವನ್ನು ಇಂದಿಗೂ ನೋಡಬಹುದು; ಅದೀಗ ವಸ್ತುಸಂಗ್ರಹಾಲಯ. ರೆಂಬ್ರಾಂಟ್ ಕಥೋಲಿಕನಾಗಿರಲಿಲ್ಲ. ಆದರೆ ತನ್ನದಲ್ಲದ್ದನ್ನೂ ಗಮನವಿಟ್ಟು ನೋಡುವ ಗುಣ ಅವನಲ್ಲಿತ್ತು. ಅದೇ ವರ್ಷಗಳಲ್ಲಿ ಅವನು ನಮ್ಮ ದೇಶದ ಮೊಗಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದ.

ಕತ್ತಲೆಯನ್ನು ಬರೆಯುವ ಬಗೆ

ಹದಿನೇಳನೆಯ ಶತಮಾನದ ಯುರೋಪಿನ ಕಲೆಯನ್ನು ಬರೋಕ್ ಎಂದು ಕರೆಯುತ್ತಾರೆ. ಬೆಳಕು ನೆರಳುಗಳನ್ನು ಎದುರುಬದುರು ನಿಲ್ಲಿಸಿ ನೋಡುವವನ ಮನಸ್ಸನ್ನು ಸೆಳೆಯುವುದು ಆ ಕಾಲದ ಚಿತ್ರಕಾರರ ದೊಡ್ಡ ಸಾಧನೆ. ಇಟಲಿಯ ಕಾರವಾಜ್ಜೊ ಆ ದಾರಿಯನ್ನು ಗಾಢವಾಗಿ ತೆರೆದವನು. ರೆಂಬ್ರಾಂಟ್ ಇಟಲಿಗೆ ಹೋದವನಲ್ಲ. ಅಲ್ಲಿಗೆ ಹೋಗಿ ಬಂದ ಗುರುವಿನಿಂದಲೂ ಇತರ ಕಲಾವಿದರಿಂದಲೂ ಆ ವಿದ್ಯೆ ಅವನಿಗೆ ತಲುಪಿತು. ಕಾರವಾಜ್ಜೊನ ಬೆಳಕು ಮಿಂಚಿನಂತೆ ಹೊಡೆಯುತ್ತದೆ. ರೆಂಬ್ರಾಂಟನ ಕೊನೆಯ ವರ್ಷಗಳ ಬೆಳಕು ಮುಸ್ಸಂಜೆಯ ಬಿಸಿಲಿನಂತೆ ತಡೆತಡೆದು ಇಳಿಯುತ್ತದೆ.

ಇದಕ್ಕೆ ಎಣ್ಣೆಬಣ್ಣವೇ ಬೇಕು. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ನೀರಿನ ಬಣ್ಣದಂತೆ ಆರಿ ಒಣಗುವುದಿಲ್ಲ. ಗಾಳಿಯೊಡನೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಚಿತ್ರಕಾರ ಒಂದು ಪದರದ ಮೇಲೆ ಇನ್ನೊಂದು ತೆಳು ಪದರ ಹಚ್ಚುತ್ತಾ ಹೋಗಬಹುದು. ಬೆಳಕಿನ ಭಾಗಕ್ಕೆ ಸೀಸದಿಂದ ಮಾಡಿದ ಬಿಳಿಯನ್ನು ದಪ್ಪವಾಗಿ ಹಚ್ಚುತ್ತಾನೆ; ಅದು ಗಾರೆಯಂತೆ ಉಬ್ಬಿ ನಿಂತು ಕೋಣೆಯ ಬೆಳಕನ್ನು ಹಿಡಿಯುತ್ತದೆ. ನೆರಳಿನ ಭಾಗವನ್ನು ತೆಳುವಾಗಿ, ಪಾರದರ್ಶಕವಾಗಿ ಬಿಡುತ್ತಾನೆ. ಅಲ್ಲಿ ಬೆಳಕು ಒಳಕ್ಕೆ ಇಳಿದು, ಪದರಗಳ ನಡುವೆ ಸುಳಿದು, ಸ್ವಲ್ಪವೇ ಹಿಂದಿರುಗುತ್ತದೆ.

ಇದನ್ನು ತಿಳಿದ ಮೇಲೆ ನಾನು ಚಿತ್ರವನ್ನು ನೋಡುವ ರೀತಿಯೇ ಬದಲಾಯಿತು. ರೆಂಬ್ರಾಂಟನ ನೆರಳು ಬಣ್ಣ ಬಳಿದು ಮುಚ್ಚಿದ ಕಪ್ಪಲ್ಲ. ಅಲ್ಲಿಯೂ ಬೆಳಕು ಹೋಗಿದೆ. ಹೊರಗೆ ಬರಲು ಹೊತ್ತು ತೆಗೆದುಕೊಳ್ಳುತ್ತಿದೆ, ಅಷ್ಟೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಕತ್ತಲೆಯೊಳಗಿಂದ ಮುಸುಕಿನ ಅಂಚು, ಬಟ್ಟೆಯ ಮಡಿಕೆ, ಹಿಂದಿನ ಹಸಿರಿನ ಛಾಯೆ ಒಂದೊಂದಾಗಿ ಕಾಣತೊಡಗುತ್ತವೆ. ಅವಸರದಲ್ಲಿ ನೋಡಿದವನಿಗೆ ಅವು ಕಾಣುವುದಿಲ್ಲ.

ಇನ್ನೊಂದು ಸಂಗತಿ. ಅವನ ಕೊನೆಯ ವರ್ಷಗಳ ಬಣ್ಣಗಳಲ್ಲಿ ಬಹುಪಾಲು ಮಣ್ಣಿನವು: ಹಳದಿ ಮಣ್ಣು, ಕೆಮ್ಮಣ್ಣು, ಕಂದು ಮಣ್ಣು, ಜೊತೆಗೆ ಸುಟ್ಟ ಮೂಳೆಯ ಕಪ್ಪು. ತಪಸ್ಸುಕಾಲದ ಮೊದಲ ದಿನ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನಿಂದಲೇ ಆ ಮುಖ, ಮಣ್ಣಿನಿಂದಲೇ ಅದರ ಬೆಳಕು.

ಎಲ್ಲ ಕತ್ತಲೆಯೂ ಪಾಪವೇ?

"ಬೆಳಕು ದೇವರದು, ಕತ್ತಲೆ ಸೈತಾನನದು" ಎಂದು ಮಕ್ಕಳಿಗೆ ಕಲಿಸುತ್ತೇವೆ. ಅದರಲ್ಲಿ ಸತ್ಯವಿದೆ. ಕೆಡುಕಿಗೆ ತನ್ನದೇ ಆದ ಇರವಿಲ್ಲ, ಅದು ಒಳಿತಿನ ಕೊರತೆ, ಬೆಳಕಿಲ್ಲದಿರುವುದೇ ಕತ್ತಲೆಯಾದಂತೆ ಎಂದು ಸಂತ ಅಗಸ್ಟೀನರು ವಿವರಿಸಿದರು. ಗುರುಮಠದಲ್ಲಿ ನಾವು ಇದನ್ನು ಕಂಠಪಾಠ ಮಾಡಿದೆವು.

ಆದರೆ ಧರ್ಮಸಭೆಯ ಅನುಭವದಲ್ಲಿ ಇನ್ನೊಂದು ಕತ್ತಲೆಯೂ ಇದೆ. ಸಿನಾಯ್ ಬೆಟ್ಟದಲ್ಲಿ ಜನರೆಲ್ಲ ದೂರ ನಿಂತಾಗ ಮೋಶೆ ದೇವರಿದ್ದ ಕಾರ್ಮೋಡದ ಹತ್ತಿರ ಹೋದನು. ನಾಲ್ಕನೆಯ ಶತಮಾನದ ನಿಸ್ಸಾದ ಸಂತ ಗ್ರೆಗೋರಿಯವರು ಇದನ್ನು ಧ್ಯಾನಿಸಿ ಹೇಳಿದ್ದು ಹೀಗೆ: ಮೋಶೆ ದೇವರನ್ನು ಮೊದಲು ಉರಿಯುವ ಪೊದೆಯ ಬೆಳಕಿನಲ್ಲಿ ಕಂಡ, ಆಮೇಲೆ ಮೋಡದಲ್ಲಿ, ಕೊನೆಗೆ ಕತ್ತಲೆಯಲ್ಲಿ. ಹತ್ತಿರವಾದಷ್ಟೂ ದೇವರು ನಮ್ಮ ಬುದ್ಧಿಯ ಹಿಡಿತವನ್ನು ಮೀರುತ್ತಾರೆ. ಹದಿನಾರನೆಯ ಶತಮಾನದಲ್ಲಿ ಶಿಲುಬೆಯ ಸಂತ ಯೊವಾನ್ನರು ತಮ್ಮದೇ ಸಭೆಯ ಸಹೋದರರ ಕೈಯಿಂದ ಟೊಲೆಡೊ ನಗರದಲ್ಲಿ ಸುಮಾರು ಒಂಬತ್ತು ತಿಂಗಳು ಸೆರೆಯಲ್ಲಿದ್ದರು. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಅವರು ಕಲಿಸಿದ್ದು ಬರಿಯ ಪುಸ್ತಕದ ಓದಿನಿಂದಲ್ಲ.

ಹಾಗಾದರೆ ಯಾವ ಕತ್ತಲೆ ಯಾವುದು ಎಂದು ಗುರುತಿಸುವುದು ಹೇಗೆ? ಅದೇ 1660ರಲ್ಲಿ ರೆಂಬ್ರಾಂಟ್ ಬರೆದ ಇನ್ನೊಂದು ಚಿತ್ರ ಇಲ್ಲಿ ನೆರವಾಗುತ್ತದೆ. ಅದೂ ಅದೇ ಸಂಗ್ರಹಾಲಯದಲ್ಲಿದೆ. ಪೇತ್ರನು ಪ್ರಭುವನ್ನು ಅರಿಯೆನೆಂದ ರಾತ್ರಿ ಅದರ ವಸ್ತು. ದಾಸಿಯೊಬ್ಬಳು ಮೇಣದ ಬತ್ತಿ ಹಿಡಿದು, ಜ್ವಾಲೆಗೆ ಕೈ ಮರೆ ಮಾಡಿ, ಪೇತ್ರನ ಮುಖಕ್ಕೆ ಬೆಳಕು ಹಿಡಿದಿದ್ದಾಳೆ. ಸೈನಿಕರು ನೋಡುತ್ತಿದ್ದಾರೆ. ಆ ಬೆಳಕು ವಿಚಾರಣೆಯ ಬೆಳಕು. ಅದರ ಮುಂದೆ ಪೇತ್ರನು ಸುಳ್ಳು ಹೇಳುತ್ತಾನೆ. ಪ್ರಭು ಎಲ್ಲಿದ್ದಾರೆ? ಹಿಂದೆ, ಮಬ್ಬುಗತ್ತಲಿನಲ್ಲಿ ಅವರನ್ನು ಕರೆದೊಯ್ಯುತ್ತಿದ್ದಾರೆ. ಅವರು ಅಲ್ಲಿಂದಲೇ ತಿರುಗಿ ಪೇತ್ರನತ್ತ ನೋಡುತ್ತಾರೆ. ಶುಭಸಂದೇಶಕಾರ ಲೂಕನು ತಿಳಿಸುವಂತೆ ಪೇತ್ರನನ್ನು ಅಳಿಸಿದ್ದು, ಉಳಿಸಿದ್ದು ಆ ನೋಟ.

ನೋಡಿ, ಅಲ್ಲಿ ಬೆಳಕಿನಲ್ಲಿ ಸುಳ್ಳಿದೆ, ನೆರಳಿನಲ್ಲಿ ಕರುಣೆಯಿದೆ. ಸತ್ಯದಿಂದ ತಪ್ಪಿಸಿಕೊಳ್ಳಲು ಅಡಗುವುದು ಪಾಪದ ಕತ್ತಲೆ. ನೋವನ್ನು ಹೊತ್ತು, ಸುಳ್ಳು ಹೇಳದೆ, ದೇವರ ಮುಂದೆ ಸುಮ್ಮನೆ ಇರುವವನ ಸುತ್ತಲಿನ ಕತ್ತಲೆ ಪಾಪವಲ್ಲ. ಟೈಟಸನ ಮುಸುಕಿನ ನೆರಳು ಈ ಎರಡನೆಯ ಬಗೆಯದು. ನಮ್ಮ ಜಗಲಿಯ ಹುಡುಗನದೂ ಹಾಗೆಯೇ ಇದ್ದಿರಬೇಕು. ನಾವು ಮಾತ್ರ ಅವನ ಮುಖಕ್ಕೆ ದಾಸಿಯ ಬತ್ತಿ ಹಿಡಿದೆವು.

ತಂದೆಯ ನೋಟವೇ ಪ್ರಾರ್ಥನೆ

ಧ್ಯಾನವೆಂದರೆ ಕಣ್ಣು ಮುಚ್ಚಿ ಒಳ್ಳೆಯ ವಿಚಾರಗಳನ್ನು ಪೋಣಿಸುವುದು ಎಂದುಕೊಂಡವರು ಹಲವರು. ಸಂತ ಥಾಮಸ್ ಅಕ್ವಿನಾಸರ ವಿವರಣೆ ಇನ್ನೂ ಸರಳ. ವಾದ, ತರ್ಕ, ಕಲ್ಪನೆ ಎಲ್ಲ ದಾಟಿ ಸತ್ಯದ ಮೇಲೆ ಮನಸ್ಸು ನೆಲೆನಿಂತು ನೋಡುವುದೇ ಧ್ಯಾನದ ಕೊನೆಯ ಮೆಟ್ಟಿಲು. ತಾಯಿ ಮಲಗಿದ ಮಗುವನ್ನು ನೋಡುತ್ತಾ ಕೂರುತ್ತಾಳಲ್ಲ, ಆಗ ಅವಳು ಏನನ್ನೂ ಯೋಚಿಸುತ್ತಿರುವುದಿಲ್ಲ, ನೋಡುತ್ತಿರುತ್ತಾಳೆ.

ಈ ಚಿತ್ರದಲ್ಲಿ ಧ್ಯಾನಿಸುತ್ತಿರುವವರು ಇಬ್ಬರು. ಒಬ್ಬ ಟೈಟಸ್. ಇನ್ನೊಬ್ಬ, ಕಣ್ಣಿಗೆ ಕಾಣದವನು, ಕುಂಚ ಹಿಡಿದ ತಂದೆ. ಎಣ್ಣೆಬಣ್ಣದ ಚಿತ್ರ ಒಂದು ಗಳಿಗೆಯಲ್ಲಿ ಮುಗಿಯುವುದಿಲ್ಲ. ತಂದೆ ಮಗನನ್ನು ನೋಡಿದ, ಬಣ್ಣ ಹಚ್ಚಿದ, ಮತ್ತೆ ನೋಡಿದ. ಅವನು ಮಗನನ್ನು ಹೀಗೆ ನೋಡಿದ್ದು ಇದೇ ಮೊದಲಲ್ಲ. 1655ರಲ್ಲಿ, ಹದಿನಾಲ್ಕರ ಆಸುಪಾಸಿನ ಹುಡುಗ ಬರೆಯುವ ಮೇಜಿನ ಮುಂದೆ ಹೆಬ್ಬೆರಳನ್ನು ಗಲ್ಲಕ್ಕೊತ್ತಿ ಏನೋ ಯೋಚಿಸುತ್ತಿರುವುದನ್ನು ಬರೆದಿದ್ದ. ಅವನು ಪುಸ್ತಕ ಓದುತ್ತಿರುವುದನ್ನೂ ಬರೆದಿದ್ದ.

ಈ ಚಿತ್ರಗಳಲ್ಲಿ ತಂದೆ ಮಗನಿಗೆ "ತಲೆಯೆತ್ತು, ನನ್ನ ಕಡೆ ನೋಡು, ನಗು" ಎಂದು ಹೇಳಲಿಲ್ಲ. ಮಗ ಏನು ಯೋಚಿಸುತ್ತಿದ್ದಾನೆಂದು ನಮಗೂ ತಿಳಿಸುವುದಿಲ್ಲ. ಆ ಗುಟ್ಟನ್ನು ಮಗನಿಗೂ ದೇವರಿಗೂ ಬಿಟ್ಟಿದ್ದಾನೆ. ಮುಖಕ್ಕೆ ಬೇಕಾದಷ್ಟು ಬೆಳಕು ಕೊಟ್ಟು, ಉಳಿದದ್ದನ್ನು ಮುಸುಕಿನ ನೆರಳಿಗೆ ಒಪ್ಪಿಸಿದ್ದಾನೆ. ಪ್ರೀತಿಯಲ್ಲಿ ಇಂಥ ಮರ್ಯಾದೆಯೂ ಸೇರಿದೆ ಎಂದು ನಾನು ಈ ಚಿತ್ರದಿಂದ ಕಲಿತೆ.

ಮುಂದಿನ ಕಥೆ ದುಃಖದ್ದು. 1668ರಲ್ಲಿ ಟೈಟಸ್ ಮದುವೆಯಾದ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಇಪ್ಪತ್ತೇಳು ತುಂಬುವ ಹೊತ್ತಿಗೆ, ತೀರಿಕೊಂಡ. ಅವನ ಮಗಳು ಹುಟ್ಟಿದ್ದು ಮರುವರ್ಷದ ಮಾರ್ಚಿನಲ್ಲಿ. ರೆಂಬ್ರಾಂಟ್ ಮೊಮ್ಮಗಳ ಮುಖ ನೋಡಿ, ಕೆಲವೇ ತಿಂಗಳು ಬದುಕಿ, 1669ರ ಅಕ್ಟೋಬರ್ 4ರಂದು ಮರಣ ಹೊಂದಿದ. ಅಕ್ಟೋಬರ್ 4 ಸಂತ ಫ್ರಾನ್ಸಿಸರ ಹಬ್ಬದ ದಿನ. ಇದರಿಂದ ಏನನ್ನೂ ಸಾಧಿಸಬೇಕಾಗಿಲ್ಲ. ಆದರೂ ಪ್ರತಿವರ್ಷ ಆ ದಿನದ ಪೂಜೆಯಲ್ಲಿ ನಾನು ಆ ತಂದೆ ಮಗನನ್ನು ನೆನೆಯುತ್ತೇನೆ.

ನಮ್ಮ ಮನೆಗಳಲ್ಲಿ

ಇದೆಲ್ಲವನ್ನೂ ನಾನು ಅಂದು ಆ ತಂದೆಗೆ ಹೇಳಲಿಲ್ಲ. ಚಿತ್ರದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, "ಇವತ್ತು ಸಂಜೆ ಲೈಟ್ ಹಾಕಬೇಡಿ. ಬುದ್ಧಿ ಹೇಳಲೂ ಬೇಡಿ. ಹೋಗಿ ಅವನ ಪಕ್ಕ ಕೂತುಕೊಳ್ಳಿ" ಎಂದೆ. "ಕೂತು ಏನ್ಮಾಡ್ಲಿ?" ಎಂದರು. "ನಿಮಗೂ ಹೆಂಡತಿ ಹೋಗಿದ್ದಾರಲ್ಲ" ಎಂದೆ. ಅವರ ಕಣ್ಣು ತುಂಬಿತು. ಒಂದು ವರ್ಷದಿಂದ ಅವರೂ ಎಲ್ಲಿಯೂ ಕೂತಿರಲಿಲ್ಲವೆಂದು ಕಾಣುತ್ತದೆ.

ಎರಡು ವಾರ ಕಳೆದು ಪೂಜೆ ಮುಗಿದ ಮೇಲೆ ಸಿಕ್ಕರು. ಮೊದಲ ಮೂರು ದಿನ ಇಬ್ಬರೂ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ಮಗ, "ಅಪ್ಪಾ, ಅಮ್ಮ ಇದೇ ಹೊತ್ತಿಗೆ ಇಲ್ಲಿ ಕೂತು ಹೂ ಕಟ್ಟೋಳು" ಎಂದನಂತೆ. ಅಷ್ಟೇ ಹೇಳಿದ್ದು. ಆ ಹೊತ್ತಿನ ಕತ್ತಲೆಯಲ್ಲಿ ಅವನು ಏನನ್ನು ನೋಡುತ್ತಿದ್ದನೆಂದು ತಂದೆಗೆ ಆಗ ತಿಳಿಯಿತು. ಹುಡುಗ ಇನ್ನೂ ಕೊನೆಯ ಬೆಂಚಿನಲ್ಲೇ ಕೂರುತ್ತಾನೆ. ನಾನು ಅವನ ಬೆನ್ನು ತಟ್ಟಲು ಹೋಗಿಲ್ಲ. "ಅವತ್ತು ಅವಸರದ ಮಾತಾಡಿದೆ, ಕ್ಷಮಿಸಪ್ಪ" ಎಂದಷ್ಟೇ ಹೇಳಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಮೌನವೂ ಧ್ಯಾನವಲ್ಲ. ಮನೆಯಲ್ಲಿ ಯಾರಾದರೂ ಊಟ ನಿದ್ದೆ ಬಿಟ್ಟಿದ್ದರೆ, ದಿನನಿತ್ಯದ ಕೆಲಸ ಮಾಡಲಾಗದೆ ಇದ್ದರೆ, ಬದುಕೇ ಬೇಡವೆಂಬ ಮಾತಾಡಿದರೆ, ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅದು ವಿಶ್ವಾಸದ ಕೊರತೆಯಲ್ಲ. ಪಕ್ಕದಲ್ಲಿ ಕೂರುವವರಿಗೇ ಈ ವ್ಯತ್ಯಾಸ ಬೇಗ ತಿಳಿಯುವುದು.

ಕುಟುಂಬ ಪ್ರಾರ್ಥನೆಗೆ ಒಂದು ಸಣ್ಣ ಅಭ್ಯಾಸ

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ದೊಡ್ಡ ದೀಪಗಳನ್ನು ಆರಿಸಿ, ಶಿಲುಬೆಯ ಮುಂದೆ ಒಂದೇ ಬತ್ತಿ ಉಳಿಸಿ. ಐದು ನಿಮಿಷ ಯಾರೂ ಮಾತಾಡುವುದು ಬೇಡ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಮನೆಯವರ ಮುಖಗಳು ಒಂದೊಂದಾಗಿ ಕಾಣುತ್ತವೆ. ಒಂದೊಂದು ಮುಖವನ್ನೂ ದೇವರ ಕೈಗೆ ಒಪ್ಪಿಸಿ. ಆಮೇಲೆ ಈ ಪ್ರಶ್ನೆಗಳನ್ನು ತಮ್ಮ ತಮ್ಮಲ್ಲೇ ಕೇಳಿಕೊಳ್ಳಬಹುದು.

1. ನಮ್ಮ ಮನೆಯಲ್ಲಿ ಮೌನವಾಗಿರುವವರು ಯಾರು? ಅವರನ್ನು ನಾನು ಕೊನೆಯ ಬಾರಿ ನಿಧಾನವಾಗಿ ನೋಡಿದ್ದು ಯಾವಾಗ?

2. ಇನ್ನೊಬ್ಬರ ದುಃಖ ನನಗೆ ಸಹಿಸಲಾಗದೆ ಅವಸರದ ಸಮಾಧಾನ ಹೇಳಿದ್ದುಂಟೇ?

3. ದೇವರಿಂದ ನಾನು ಅಡಗಿಸಿಕೊಂಡಿರುವ ಕತ್ತಲೆ ಯಾವುದು? ದೇವರೊಡನೆ ಕೂರಬಹುದಾದ ಕತ್ತಲೆ ಯಾವುದು?

ಐದು ನಿಮಿಷ ಮುಗಿದ ಮೇಲೆ ಮನೆಯ ಕಿರಿಯರು ದೀಪ ಹಾಕಲಿ.